ನನ್ನ ಆಟದ ಬೀರು

ಕೂಡಿಡುವುದು ಮನುಷ್ಯನ ಹುಟ್ಟುಗುಣಗಳಲ್ಲಿ ಒಂದೆಂದು ತೋರುತ್ತದೆ. ಅಂಚೆಚೀಟಿ ಕೂಡಿಸುವವರುಂಟು, ಹಳೆಯ ನಾಣ್ಯ ಕೂಡಿಸುವವರುಂಟು, ಬೆಂಕಿಪೊಟ್ಟಣದ ಚಿತ್ರಗಳನ್ನು ಪುಸ್ತಕದಲ್ಲಿ ಅಂಟಿಸಿಟ್ಟವರೂ ಉಂಟು. ನನ್ನ ಸೋದರಮಾವನವರು ಮೂವತ್ತು ವರ್ಷಗಳ ಕಾಲ ಮದುವೆಯ ಕರೆಯೋಲೆಗಳನ್ನು ಕೂಡಿಸಿದರು. ಯಾರ ಮನೆಯಲ್ಲಿ ಯಾರಿಗೆ ಯಾವ ಲಗ್ನದಲ್ಲಿ ಮದುವೆಯಾಯಿತೆಂಬುದಕ್ಕೆ ಇಂದಿಗೂ ನಮ್ಮ ನೆಂಟರಿಷ್ಟರಲ್ಲಿ ಅವರ ಪೆಟ್ಟಿಗೆಯೇ ಪ್ರಮಾಣ. ಇಂಥವರನ್ನು ಲೋಕ ಗೌರವದಿಂದ ಕಾಣುತ್ತದೆ. ನಾಣ್ಯದವರು ಇತಿಹಾಸ ಬಲ್ಲವರೆನಿಸುತ್ತಾರೆ. ಅಂಚೆಚೀಟಿಯವರು ಭೂಗೋಳ ಬಲ್ಲವರೆನಿಸುತ್ತಾರೆ. ಆದರೆ ಮೂವತ್ತೇಳು ವರ್ಷ ವಯಸ್ಸಿನ, ಒಂಬತ್ತು ವರ್ಷದ ಮಗಳ ತಂದೆಯಾದ, ಪದವಿ ತರಗತಿಗೆ ಪಂಪ ರನ್ನರ ಪಾಠ ಹೇಳುವ ಕನ್ನಡದ ಅಧ್ಯಾಪಕನೊಬ್ಬ ಟಿ.ವಿ.ಗೆ ಜೋಡಿಸಿ ಆಡುವ ಹಳೆಯ ವಿಡಿಯೋ ಆಟದ ಯಂತ್ರಗಳನ್ನು ಕೂಡಿಸುತ್ತಾನೆಂದರೆ? ಲೋಕ ಮೊದಲು ನಗುತ್ತದೆ. ಆಮೇಲೆ ಅವನ ಹೆಂಡತಿಯ ಕಡೆ ಮರುಕದಿಂದ ನೋಡುತ್ತದೆ.

ನಮ್ಮ ಮನೆಯಲ್ಲಿ ಇದಕ್ಕೆಂದೇ ಒಂದು ಉಕ್ಕಿನ ಬೀರು ಮೀಸಲಾಗಿದೆ. ಅದರ ಮೇಲಿನ ಅರೆಯಲ್ಲಿ ‘ಕರ್ಣಾಟಕ ಕವಿಚರಿತೆ’ಯ 3 ಸಂಪುಟಗಳು, ಒಂದೆರಡು ನಿಘಂಟುಗಳು. ಕೆಳಗಿನ ಅರೆಗಳಲ್ಲಿ 9 ಯಂತ್ರಗಳು, ಸುಮಾರು 140 ಕ್ಯಾಸೆಟ್ಟುಗಳು, ಬಿಡಿಸಲಾರದಂತೆ ಸುತ್ತಿಕೊಂಡ ತಂತಿಗಳು. ಒಮ್ಮೆ ಮನೆಗೆ ಬಂದಿದ್ದ ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ಬೀರುವಿನ ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿ, “ಅಲ್ಲ ಸಾರ್, ಮೇಲಿರೋದಕ್ಕೂ ಕೆಳಗಿರೋದಕ್ಕೂ ಏನಾದರೂ ಸಂಬಂಧ ಉಂಟೆ?” ಎಂದು ಕೇಳಿದರು. ಕಾಫಿ ಬಂದದ್ದರಿಂದ ಅಂದು ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನವರು ಕಾರ್ಟ್ರಿಜ್ ಎನ್ನುವ ವಸ್ತುವನ್ನು ನಮ್ಮ ಊರುಗಳ ಮಕ್ಕಳು ಕ್ಯಾಸೆಟ್ಟು ಎಂದೇ ಕರೆದರು. ಅದರೊಳಗೆ ಟೇಪೂ ಇಲ್ಲ, ತಿರುಗುವ ಚಕ್ರವೂ ಇಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಚಿಪ್ಪಿನೊಳಗೆ ಒಂದು ಹಸಿರು ಹಲಗೆ, ಅದರ ಮೇಲೆ ಒಂದೆರಡು ಚಿಪ್ಪುಗಳು, ಅಂಚಿನಲ್ಲಿ ಸಾಲಾಗಿ ಹೊಳೆಯುವ ಲೋಹದ ಹಲ್ಲುಗಳು, ಅಷ್ಟೆ. ಆದರೂ ಹಾಡಿನ ಕ್ಯಾಸೆಟ್ಟನ್ನು ಪೆಟ್ಟಿಗೆಗೆ ತುರುಕಿ ಕೇಳುವಂತೆಯೇ ಇದನ್ನೂ ತುರುಕಿ ಆಡುವುದರಿಂದ ಆ ಹೆಸರು ನಿಂತುಬಿಟ್ಟಿತು. ಅರ್ಥವಿಸ್ತಾರಕ್ಕೆ ಉದಾಹರಣೆ ಕೊಡಬೇಕಾದಾಗ ತರಗತಿಯಲ್ಲಿ ನಾನು ಇದನ್ನೇ ಕೊಡುತ್ತೇನೆ.

ಮನೆಯ ಟಿ.ವಿ.ಯಲ್ಲಿ ಆಟವಾಡಬಹುದೆಂಬುದನ್ನು ಮಾಡಿ ತೋರಿಸಿದವರು ರಾಲ್ಫ್ ಬೇರ್. ಜರ್ಮನಿಯಲ್ಲಿ ಹುಟ್ಟಿ, ನಾಜಿಗಳ ಕಾಟದಿಂದ ತಪ್ಪಿಸಿಕೊಂಡು 1938ರಲ್ಲಿ ಕುಟುಂಬದೊಡನೆ ಅಮೆರಿಕ ಸೇರಿದವರು ಅವರು. ಅವರ ಪ್ರಯೋಗಗಳಿಂದ ಹುಟ್ಟಿದ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಯಂತ್ರ 1972ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಸದ್ದಿರಲಿಲ್ಲ, ಬಣ್ಣವಿರಲಿಲ್ಲ. ತೆರೆಯ ಮೇಲೆ ಕೆಲವು ಬಿಳಿಯ ಚುಕ್ಕೆಗಳೂ ಒಂದು ಗೆರೆಯೂ ಓಡಾಡುತ್ತಿದ್ದುವು. ಟೆನಿಸ್ ಅಂಗಣ ಬೇಕಾದರೆ ಅಂಗಣದ ಚಿತ್ರವಿದ್ದ ಪಾರದರ್ಶಕ ಹಾಳೆಯನ್ನು ಟಿ.ವಿ. ಗಾಜಿನ ಮೇಲೆ ಅಂಟಿಸಿಕೊಳ್ಳಬೇಕಾಗಿತ್ತು. ಅದರ ಜೊತೆಗೆ ಬರುತ್ತಿದ್ದ ಬಿಲ್ಲೆಗಳಲ್ಲಿ ಆಟವೇನೂ ಬರೆದಿರಲಿಲ್ಲ. ಯಂತ್ರದೊಳಗಿನ ತಂತಿಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸುವುದಷ್ಟೇ ಅವುಗಳ ಕೆಲಸ.

ಆಟವನ್ನು ಯಂತ್ರದಿಂದ ಬೇರ್ಪಡಿಸಿದ್ದು 1976ರಲ್ಲಿ. ‘ಫೇರ್‌ಚೈಲ್ಡ್ ಚಾನೆಲ್ ಎಫ್’ ಎಂಬ ಯಂತ್ರವನ್ನು ಸಿದ್ಧಪಡಿಸಿದ ತಂಡಕ್ಕೆ ಜೆರ್ರಿ ಲಾಸನ್ ಎಂಬ ಕಪ್ಪು ಜನಾಂಗದ ಎಂಜಿನಿಯರು ಮುಖ್ಯಸ್ಥರಾಗಿದ್ದರು. ಆಟದ ಬರಹವನ್ನೆಲ್ಲ ಒಂದು ನೆನಪಿನ ಚಿಪ್ಪಿನಲ್ಲಿ ಕೂರಿಸಿ, ಮಕ್ಕಳು ಸಾವಿರ ಸಲ ತುರುಕಿ ಕಿತ್ತರೂ ತಡೆಯುವ ಹೊದಿಕೆಯೊಳಗಿಟ್ಟು ಮಾರಿದ ಮೊದಲ ಮನೆಯಂತ್ರ ಅದು. ಮರುವರ್ಷ ಅಟಾರಿಯವರ ಯಂತ್ರ ಬಂತು. 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ‘ಫ್ಯಾಮಿಕಾಮ್’ ಬಂತು. ಲಾಸನ್ನರ ಕೆಲಸದ ಮಹತ್ವ ಸಾಹಿತ್ಯದವರಿಗೆ ತಟ್ಟನೆ ಹೊಳೆಯಬೇಕು. ಅಲ್ಲಿಯವರೆಗೆ ಯಂತ್ರ ತನಗೆ ಬಾಯಿಪಾಠವಾದುದನ್ನು ಮಾತ್ರ ಒಪ್ಪಿಸುತ್ತಿತ್ತು. ಅಂದಿನಿಂದ ಅದು ಓದುಗನಾಯಿತು, ಆಟ ಗ್ರಂಥವಾಯಿತು.

ಗ್ರಂಥವೆಂದಮೇಲೆ ಲಿಪಿಕಾರರಿಲ್ಲದೆ ಇದ್ದೀತೆ? ನಾನು ಹುಡುಗನಾಗಿದ್ದಾಗ, ಎಂದರೆ 1990ರ ದಶಕದ ಕೊನೆಯಲ್ಲಿ, ನಮ್ಮ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲಿ ‘ಟಿ.ವಿ. ಗೇಮ್’ ಎಂದು ಮಾರುತ್ತಿದ್ದ ಪೆಟ್ಟಿಗೆಗಳಲ್ಲಿ ಬಹುಪಾಲು ಆ ಜಪಾನಿ ಯಂತ್ರದ ನಕಲುಗಳೇ. ಅವುಗಳ ಜೊತೆಗೆ ಬರುತ್ತಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ಬೇಸಗೆಯ ರಜೆ ಪೂರ್ತಿ ಕುಳಿತು ಎಣಿಸಿದರೂ ಹತ್ತಿಪ್ಪತ್ತಕ್ಕಿಂತ ಹೆಚ್ಚು ಆಟ ಸಿಕ್ಕುತ್ತಿರಲಿಲ್ಲ. ಅದೇ ಆಟ ಮೂರನೆಯ ಹಂತದಿಂದ ಆರಂಭವಾಗಿ ಒಂದು ಹೊಸ ಹೆಸರು ಪಡೆಯುತ್ತಿತ್ತು. ಹೆಚ್ಚು ಪ್ರಾಣಗಳನ್ನು ಹೊತ್ತುಕೊಂಡು ಇನ್ನೊಂದು ಹೆಸರು ಪಡೆಯುತ್ತಿತ್ತು. ಎಷ್ಟೋ ಆಟಗಳಲ್ಲಿ ಮೊದಲ ಪುಟದ ಮೇಲಿದ್ದ ಕರ್ತೃಸಂಸ್ಥೆಯ ಹೆಸರನ್ನು ಒರೆಸಿಹಾಕಿರುತ್ತಿದ್ದರು. ಪ್ರಕ್ಷೇಪ, ಪಾಠಾಂತರ, ಕರ್ತೃನಾಮಲೋಪ: ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಕೇಳುವಾಗ ಇವೆಲ್ಲ ನನಗೆ ಮೊದಲೇ ಪರಿಚಯವಾದ ಮುಖಗಳಂತೆ ಕಂಡುವು. ಇಂದು ನನ್ನ ಬೀರುವಿನಲ್ಲಿ ‘ಕಾಂಟ್ರಾ’ ಎಂಬ ಒಂದೇ ಆಟದ 6 ಪ್ರತಿಗಳಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು, ಗುಜರಿ ಅಂಗಡಿಗಳಲ್ಲಿ ಎರಡು, ಉಳಿದವು ನೆಂಟರ ಅಟ್ಟಗಳ ಮೇಲೆ ಸಿಕ್ಕಿದವು. ಒಂದು ಇನ್ನೊಂದರಂತಿಲ್ಲ.

ಕರ್ತೃವಿನ ಹೆಸರಿನ ಮಾತು ಬಂತು. ಅಟಾರಿಯಲ್ಲಿ ಆಟ ಬರೆದವರ ಹೆಸರನ್ನು ಎಲ್ಲಿಯೂ ಅಚ್ಚುಮಾಡುವ ಪದ್ಧತಿ ಇರಲಿಲ್ಲ. ವಾರನ್ ರಾಬಿನೆಟ್ ಎಂಬಾತ ಅಲ್ಲಿ ‘ಅಡ್ವೆಂಚರ್’ ಎಂಬ ಆಟ ಬರೆದನು. ಅದರಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಕೋಣೆಯನ್ನು ಕಟ್ಟಿ, ಆ ಕೋಣೆಯೊಳಗೆ ತನ್ನ ಹೆಸರು ಬರೆದು, ಸಂಸ್ಥೆಗೆ ಸುಳಿವು ಕೊಡದೆ ಕೆಲಸ ಬಿಟ್ಟು ಹೊರಟುಹೋದನು. ಹಿನ್ನೆಲೆಯ ಬಣ್ಣದ್ದೇ ಆದ ಒಂದು ಚುಕ್ಕೆಯನ್ನು ಹುಡುಕಿ ಹೊತ್ತೊಯ್ದವನಿಗೆ ಮಾತ್ರ ಆ ಕೋಣೆ ತೆರೆಯುತ್ತಿತ್ತು. ಆಟವಾಡುತ್ತಿದ್ದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಪತ್ರ ಬರೆದಾಗಲೇ ಸಂಸ್ಥೆಗೆ ಸಂಗತಿ ತಿಳಿದದ್ದು. ವಚನದ ಕೊನೆಯಲ್ಲಿ ಬರುವ ಅಂಕಿತದಿಂದ ಅದು ಯಾರ ವಚನವೆಂದು ಗುರುತಿಸುವ ನಾವು ರಾಬಿನೆಟ್ಟನ ಸಂಕಟವನ್ನು ಬಲ್ಲೆವು. ಬರೆದವನಿಗೆ ಎಲ್ಲಿಯಾದರೂ ತನ್ನ ಗುರುತು ಇರಲೆಂಬ ಆಸೆ. ಹಾಗೆಯೇ ಆಡಿದವನಿಗೂ ಉಂಟು. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ವಸ್ತುಗಳಿಗೆ ಲೋಕ ಕಟ್ಟುವ ಬೆಲೆಯಂತೂ ವಿಚಿತ್ರ. 1982ರಲ್ಲಿ ಅಟಾರಿಯವರು ‘ಇ.ಟಿ.’ ಚಲನಚಿತ್ರವನ್ನು ಆಧರಿಸಿ ಸುಮಾರು 5 ವಾರಗಳಲ್ಲಿ ಒಂದು ಆಟ ಬರೆಸಿ, ಲೆಕ್ಕ ತಪ್ಪಿ ಪ್ರತಿಗಳನ್ನು ಮಾಡಿದರು. ಮಾರಾಟವಾಗದೆ ಉಳಿದವನ್ನು ಬೇರೆ ಸರಕಿನೊಡನೆ 1983ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೊರ್ಡೊ ಎಂಬಲ್ಲಿ ಕಸದ ಗುಂಡಿಯಲ್ಲಿ ಹೂಳಿದರು. 2014ರ ಏಪ್ರಿಲಿನಲ್ಲಿ ಅದೇ ಗುಂಡಿಯನ್ನು ಅಗೆದು, ಸುಮಾರು 1,300 ಕ್ಯಾಸೆಟ್ಟುಗಳನ್ನು ಮೇಲಕ್ಕೆತ್ತಿ, ಕೆಲವನ್ನು ಹರಾಜು ಹಾಕಿದರು, ಕೆಲವನ್ನು ವಸ್ತುಸಂಗ್ರಹಾಲಯಗಳಿಗೆ ಕೊಟ್ಟರು! 2021ರ ಆಗಸ್ಟಿನಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಹಳೆಯ ಪ್ರತಿಯೊಂದು 20 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಹಿರಿಮೆಯೇನು? ಅದನ್ನು ಯಾರೂ ಬಿಚ್ಚಿರಲಿಲ್ಲ. ಕೊಂಡವರೂ ಬಿಚ್ಚುವ ಹಾಗಿಲ್ಲ. ಬಿಚ್ಚಿದ ಗಳಿಗೆಯಲ್ಲೇ ಬೆಲೆ ಬಿದ್ದುಹೋಗುತ್ತದೆ. ಓದದೆ ಇಟ್ಟ ಪುಸ್ತಕಕ್ಕೆ ಓದಿದ ಪುಸ್ತಕಕ್ಕಿಂತ ಬೆಲೆ ಹೆಚ್ಚು ಎಂದಂತಾಯಿತು.

ನನ್ನ ಸಂಬಳಕ್ಕೆ ಅಂಥ ಚಿಂತೆಯಿಲ್ಲ. ನನ್ನ ಚಿಂತೆಗಳು ಬೇರೆ. ಕ್ಯಾಸೆಟ್ಟು ಓಡದಿದ್ದರೆ ಅದರ ಬಾಯಿಗೆ ‘ಉಫ್’ ಎಂದು ಊದಬೇಕೆಂಬುದು ಟೋಕಿಯೋದಿಂದ ತಿಪಟೂರಿನವರೆಗೆ ಎಲ್ಲ ಮಕ್ಕಳಿಗೂ ತಿಳಿದಿದ್ದ ವಿದ್ಯೆ. ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿತು. ಉಸಿರಿನ ತೇವ ಲೋಹದ ಹಲ್ಲುಗಳಿಗೆ ಕಿಲುಬು ಹಿಡಿಸಿತು. ಊದಿದಾಗ ಆಟ ಸರಿಯಾಗುತ್ತಿದ್ದುದು ಬಹುಮಟ್ಟಿಗೆ ಕಿತ್ತು ಮತ್ತೆ ತುರುಕಿದ್ದರಿಂದ. ಇಂದು ನಾನು ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ಹಲ್ಲನ್ನು ಉಜ್ಜುತ್ತೇನೆ. ಪಕ್ಕದ ಮನೆಯ ಅಜ್ಜಿ ನನ್ನನ್ನು ದಂತವೈದ್ಯನೆಂದು ಕರೆಯುತ್ತಾರೆ.

ಇನ್ನೊಂದು ತೊಡಕು ಟಿ.ವಿ.ಯದು. ಬಾತುಕೋಳಿ ಹೊಡೆಯುವ ಆಟದ ಬಂದೂಕು ಗುಂಡು ಹಾರಿಸುವುದಿಲ್ಲ, ಅದು ನೋಡುತ್ತದೆ. ಕುದುರೆ ಎಳೆದ ಗಳಿಗೆಯಲ್ಲಿ ತೆರೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿಯಿದ್ದ ಕಡೆ ಮಾತ್ರ ಒಂದು ಬಿಳಿಯ ಚೌಕ ಮೂಡುತ್ತದೆ. ನಳಿಗೆಯೊಳಗಿನ ಕಣ್ಣಿಗೆ ಆ ಬಿಳುಪು ಕಂಡರೆ ಗುರಿ ತಾಗಿದಂತೆ. ಹಳೆಯ ಗಾಜಿನ ಕೊಳವೆಯ ಟಿ.ವಿ. ಆ ಚೌಕವನ್ನು ತತ್‌ಕ್ಷಣ ಬರೆಯುತ್ತದೆ. ಇಂದಿನ ತೆಳು ಟಿ.ವಿ.ಗಳು ಚಿತ್ರ ತೋರಿಸಲು ಎಳೆಯಷ್ಟು ತಡಮಾಡುತ್ತವೆ, ಅಷ್ಟರಲ್ಲಿ ಬಂದೂಕಿನ ಕಣ್ಣು ಮುಚ್ಚಿರುತ್ತದೆ. ಆದ್ದರಿಂದ ನಮ್ಮ ನಡುಮನೆಯಲ್ಲಿ ಇಪ್ಪತ್ತು ಚಿಲ್ಲರೆ ಕಿಲೋ ತೂಗುವ ಹಳೆಯ ಟಿ.ವಿ.ಯೊಂದು ಕುಳಿತಿದೆ. “ಮನೆಗೆ ಸೊಸೆಯಾಗಿ ಬಂದ ನನಗೆ ಕೊಟ್ಟ ಜಾಗಕ್ಕಿಂತ ಅದಕ್ಕೆ ಕೊಟ್ಟ ಜಾಗವೇ ಹೆಚ್ಚು” ಎಂದು ನನ್ನ ಶ್ರೀಮತಿ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅಳತೆ ಮಾಡಲು ಹೋಗಿಲ್ಲ.

ಈ ಬೀರುವಿನ ಆಟಗಳಲ್ಲಿ ನಮ್ಮ ಮನೆಯವರೆಲ್ಲರನ್ನೂ ಕೆಲವು ತಿಂಗಳ ಕಾಲ ಇಕ್ಕಟ್ಟಿಗೆ ಸಿಕ್ಕಿಸಿದ್ದು ಒಂದೇ ಒಂದು. ಮೂರು ವರ್ಷಗಳ ಹಿಂದೆ, ಅಮೆರಿಕದ ನ್ಯೂ ಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಊರಿಗೆ ಬರುವಾಗ ಒಂದು ಹಳೆಯ ನಿಂಟೆಂಡೊ ಯಂತ್ರವನ್ನೂ, ಒಂದು ಚಿನ್ನದ ಬಣ್ಣದ ಕ್ಯಾಸೆಟ್ಟನ್ನೂ ತಂದುಕೊಟ್ಟ. ಅಲ್ಲಿ ಮನೆ ಖಾಲಿ ಮಾಡುವವರು ಹಳೆಯ ಸಾಮಾನನ್ನು ಬಾಗಿಲ ಮುಂದೆಯೇ ಹರಡಿ ಮಾರುವ ಪದ್ಧತಿಯಂತೆ. ಅಂಥ ಒಂದು ಮನೆಯ ಮುಂದೆ ಸಿಕ್ಕಿತಂತೆ. ಅಮೆರಿಕದ ಯಂತ್ರ 110 ವೋಲ್ಟಿನದು. ಒಂದು ಟ್ರಾನ್ಸ್‌ಫಾರ್ಮರ್ ಕೊಂಡು ತಂದು ಅದನ್ನು ಬದುಕಿಸಿದೆ. ಚಿನ್ನದ ಬಣ್ಣದ ಆ ಕ್ಯಾಸೆಟ್ಟು ‘ದಿ ಲೆಜೆಂಡ್ ಆಫ್ ಜೆಲ್ಡಾ’. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದದ್ದು. ರಾಜಕುಮಾರಿಯನ್ನು ಸೆರೆಯಿಂದ ಬಿಡಿಸುವ ಕಥೆ, ಒಂದು ಸಂಜೆಗೆ ಮುಗಿಯುವಂಥದಲ್ಲ. ಆದ್ದರಿಂದ ಆಡಿದಷ್ಟನ್ನು ನೆನಪಿಟ್ಟುಕೊಳ್ಳಲು ಅದರೊಳಗೆ 8 ಕಿಲೋಬೈಟಿನ ಒಂದು ಸ್ಮೃತಿಚಿಪ್ಪು, ಆ ಸ್ಮೃತಿಯನ್ನು ಜೀವಂತವಾಗಿಡಲು ನಾಣ್ಯದಂಥ ಒಂದು ಸೆಲ್ಲು. ಮೂವರು ತಮ್ಮ ಹೆಸರು ಬರೆದುಕೊಂಡು ಆಡಬಹುದು, ನಾಲ್ಕನೆಯವರಿಗೆ ಎಡೆಯಿಲ್ಲ.

ಯಂತ್ರ ಹಚ್ಚಿದಾಗ ತೆರೆಯ ಮೇಲೆ ಮೂರು ಹೆಸರುಗಳು ಮೂಡಿದುವು. ಅಂದು ಅವನ್ನು ಬರೆದ ಮಕ್ಕಳು ಯಾರೋ ಎಲ್ಲಿದ್ದಾರೋ. ಆ ಹೆಸರುಗಳನ್ನು ಇಲ್ಲಿ ಅಚ್ಚು ಮಾಡುವುದು ಉಚಿತವಲ್ಲ. ಪ್ರತಿ ಹೆಸರಿನ ಎದುರಿಗೆ ಆ ಆಟಗಾರ ಗಳಿಸಿದ ಆಯುಸ್ಸಿನ ಗುರುತಾಗಿ ಕೆಂಪು ಹೃದಯಗಳು, ಕೆಳಗೆ ಅವನು ಎಷ್ಟು ಸಲ ಸತ್ತನೆಂಬ ಲೆಕ್ಕ. ಮೊದಲನೆಯವನಿಗೆ 14 ಹೃದಯಗಳು, 61 ಸಾವು: ಗಟ್ಟಿಗ, ಬಹುಶಃ ಹಿರಿಯವನು. ಎರಡನೆಯವನಿಗೆ 7 ಹೃದಯಗಳು, 112 ಸಾವು: ಆತುರಗಾರ, ಆದರೆ ಬಿಡುವವನಲ್ಲ. ಮೂರನೆಯ ಹೆಸರಿನ ಎದುರಿಗೆ ಆರಂಭದಲ್ಲಿ ಎಲ್ಲರಿಗೂ ಸಿಗುವ 3 ಹೃದಯಗಳು ಮಾತ್ರ, ಸಾವು ಸೊನ್ನೆ. ಹೆಸರು ಬರೆದದ್ದಷ್ಟೇ; ಆ ಮಗು ಆಡಿದಂತೆ ಕಾಣಲಿಲ್ಲ. ಅಣ್ಣಂದಿರ ಕೈಯಿಂದ ಆಟದ ಹಿಡಿ ಕೊನೆಗೂ ಅದರ ಸರದಿಗೆ ಬಾರದೆ ಹೋಯಿತೋ ಏನೋ. ಮನೆಯಲ್ಲಿ ಕಿರಿಯವರಾಗಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಗಳು ಆಡಬೇಕೆಂದು ಕುಳಿತಳು. ಅವಳ ಹೆಸರು ಬರೆಯಬೇಕಾದರೆ ಈ ಮೂರರಲ್ಲಿ ಒಂದನ್ನು ಅಳಿಸಬೇಕು. “ಅಳಿಸಿದರಾಯಿತು. ಆ ಹುಡುಗರಿಗೆ ಈಗ ಐವತ್ತಾಗಿರುತ್ತೆ. ಕೇಳಿಕೊಂಡು ಬರ್ತಾರೇನ್ರೀ?” ಎಂದಳು ಶ್ರೀಮತಿ. ಮಾತೇನೋ ಸರಿಯೆ. ಆದರೆ ಓಲೆಗರಿಯ ಮೇಲಿನ ಒಂದಕ್ಷರ ಅಳಿಸಿದ್ದರೆ ಅದು ‘ತ’ವೋ ‘ದ’ವೋ ಎಂದು ದಿನಗಟ್ಟಲೆ ತಲೆಕೆಡಿಸಿಕೊಳ್ಳುವ ವೃತ್ತಿಯವನು ನಾನು, ಕಣ್ಣಮುಂದೆ ಸ್ಪಷ್ಟವಾಗಿರುವ ಹೆಸರನ್ನು ಕೈಯಾರೆ ಅಳಿಸುವುದೆಂತು? ಮಗಳ ಪ್ರಶ್ನೆ ಇನ್ನೂ ಹರಿತವಾಗಿತ್ತು: “ಅಪ್ಪ, ಇದು ಆಡೋದಕ್ಕೆ ಇರೋದೋ, ಬೀರುನಲ್ಲಿ ಇರೋದಕ್ಕೆ ಇರೋದೋ?” ಇಬ್ಬರಿಗೂ ಉತ್ತರ ಕೊಡದೆ ಕ್ಯಾಸೆಟ್ಟನ್ನು ಒಳಗಿಟ್ಟು ಬೀಗ ಹಾಕಿದೆ.

ಆ ಬೀಗವನ್ನು ತೆಗೆಸಿದವರು ನಮ್ಮ ಬೀದಿಯ ತುದಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುವ ಹಿರಿಯರು. ಬೇರೊಂದು ಕೆಲಸಕ್ಕೆ ಹೋದಾಗ ಈ ಕ್ಯಾಸೆಟ್ಟನ್ನೂ ತೋರಿಸಿದೆ. ಅವರು ಚಿಪ್ಪು ಬಿಚ್ಚಿ, ಮೀಟರು ಹಿಡಿದು, 3 ವೋಲ್ಟ್ ಇರಬೇಕಾದ ಸೆಲ್ಲು ಎರಡೂವರೆಯ ಹತ್ತಿರಕ್ಕೆ ಇಳಿದಿದೆಯೆಂದರು. “ನಾವಿದನ್ನು ಆಡಿಲ್ಲವಲ್ಲ, ಭದ್ರವಾಗಿ ಬೀರುವಿನಲ್ಲೇ ಇದೆ” ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ನಕ್ಕರು. “ಮೇಷ್ಟ್ರೇ, ಆಡುವಾಗ ಈ ಸೆಲ್ಲು ಖರ್ಚಾಗೋದೇ ಇಲ್ಲ. ಆವಾಗ ಮೆಷೀನಿನ ಕರೆಂಟೇ ನೆನಪನ್ನು ಕಾಯುತ್ತೆ. ಖರ್ಚಾಗೋದು ಬೀರುನಲ್ಲಿ ಮಲಗಿರುವಾಗ!”

ಅವರ ಮಾತು ಯಂತ್ರಶಾಸ್ತ್ರದ ಸಾಮಾನ್ಯ ಸತ್ಯ. ಯಂತ್ರ ನಡೆಯುತ್ತಿರುವಷ್ಟು ಹೊತ್ತು ಸ್ಮೃತಿಗೆ ಆಹಾರ ಯಂತ್ರದಿಂದಲೇ ಒದಗುತ್ತದೆ. ಕತ್ತಲಲ್ಲಿ ಒಂಟಿಯಾಗಿ ಕುಳಿತಾಗ ಮಾತ್ರ ಆ ಪುಟ್ಟ ಸೆಲ್ಲು ತನ್ನನ್ನು ತಾನೇ ತೇದುಕೊಂಡು ಮೂರು ಹೆಸರುಗಳನ್ನು ಕಾಯುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಅದು ಕಾದಿತ್ತು. ಇನ್ನೆಷ್ಟು ದಿನವೋ ಹೇಳುವವರಿಲ್ಲ. ಅದು ಸೋತ ದಿನ ಹೆಸರುಗಳೂ ಹೋಗುತ್ತಿದ್ದುವು. ಹಾಗೆಂದು ಸುಮ್ಮನೆ ಕಿತ್ತು ಹೊಸದನ್ನು ಹಾಕಿದರೆ, ಕಿತ್ತ ಗಳಿಗೆಯಲ್ಲೇ ಹೋಗುತ್ತಿದ್ದುವು.

ಅದಕ್ಕೂ ದಾರಿ ಉಂಟು. ಅದು ನಮ್ಮ ಹಿರಿಯರು ತುಳಿದ ದಾರಿಯೇ. ಓಲೆಗರಿ ಶಿಥಿಲವಾದಾಗ ಅವರು ಹೊಸ ಗರಿಗೆ ಪ್ರತಿಮಾಡಿಸಿಕೊಂಡು, ಹಳೆಯದನ್ನು ಹೊಳೆಗೆ ಬಿಡುತ್ತಿದ್ದರು. ಪಂಪ ನಮಗೆ ತಲುಪಿದ್ದು ಅವನ ಕೈಬರಹದಿಂದಲ್ಲ, ಪ್ರತಿಯ ಪ್ರತಿಯ ಪ್ರತಿಯಿಂದ. ಕ್ಯಾಸೆಟ್ಟಿನ ಸ್ಮೃತಿಯನ್ನು ಗಣಕಯಂತ್ರಕ್ಕೆ ನಕಲಿಳಿಸುವ ಸಣ್ಣ ಉಪಕರಣಗಳು ಈಗ ದೊರೆಯುತ್ತವೆ. ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಅಂಥದೊಂದಿತ್ತು. ಅವನು ಒಂದು ಭಾನುವಾರ ಬಂದು 8 ಕಿಲೋಬೈಟುಗಳನ್ನೂ ಇಳಿಸಿಕೊಂಡ. ಹಿರಿಯರು ಹಳೆಯ ಸೆಲ್ಲಿನ ಬೆಸುಗೆ ಬಿಚ್ಚಿ ಹೊಸದನ್ನು ಬೆಸೆದರು. ಹುಡುಗ ನಕಲನ್ನು ಮತ್ತೆ ಚಿಪ್ಪಿಗೆ ಏರಿಸಿದ. ಯಂತ್ರ ಹಚ್ಚಿದೆವು. ಹದಿನಾಲ್ಕು, ಏಳು, ಮೂರು ಹೃದಯಗಳು. ಮೂರು ಹೆಸರುಗಳೂ ಕ್ಷೇಮ.

ಉಳಿದದ್ದು ಮಗಳ ಪ್ರಶ್ನೆ. ಅದನ್ನು ಅವಳೇ ಬಿಡಿಸಿದಳು. “ಯಾರದ್ದೂ ಅಳಿಸೋದು ಬೇಡಪ್ಪ. ಮೂರನೇದು ಇದೆಯಲ್ಲ, ಅದು ಆಡೇ ಇಲ್ಲ. ಅದರ ಹೆಸರಿನಲ್ಲಿ ನಾನು ಆಡ್ತೀನಿ” ಎಂದಳು. ನಾನೂ ಶ್ರೀಮತಿಯೂ ಮುಖ ಮುಖ ನೋಡಿಕೊಂಡೆವು. ಅಂದಿನಿಂದ ಪ್ರತಿ ಶನಿವಾರ ಸಂಜೆ, ಅಟ್ಲಾಂಟಿಕ್ ಸಾಗರದಾಚೆಯ ಯಾವುದೋ ಮನೆಯ ಯಾವುದೋ ಮಗುವಿನ ಸರದಿಯನ್ನು ನಮ್ಮ ಮನೆಯ ಮಗು ಆಡುತ್ತಿದೆ. ಈಗ ಆ ಹೆಸರಿನ ಎದುರಿಗೆ 6 ಹೃದಯಗಳಿವೆ, 43 ಸಾವುಗಳಿವೆ. ಮುಗಿಸಿದ ಮೇಲೆ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ವಿದ್ಯುತ್ತು ಆರಿಸಬೇಕು, ಇಲ್ಲವಾದರೆ ನೆನಪು ಕೆಡಬಹುದು ಎಂಬ ನಿಯಮವನ್ನು ಅವಳು ದೇವರ ದೀಪಕ್ಕೆ ಎಣ್ಣೆ ಹಾಕುವಷ್ಟು ಶ್ರದ್ಧೆಯಿಂದ ಪಾಲಿಸುತ್ತಾಳೆ.

ಅರ್ಥಶಾಸ್ತ್ರದ ಮಿತ್ರರಿಗೆ ನನ್ನ ಉತ್ತರ ಇಷ್ಟೆ. ಬೀರುವಿನ ಮೇಲಿನ ಅರೆಗೂ ಕೆಳಗಿನ ಅರೆಗಳಿಗೂ ಇರುವ ಸಂಬಂಧ ಒಂದೇ: ಎರಡರಲ್ಲೂ ಇರುವುದು ಇನ್ನೊಬ್ಬರು ಕೈಗೆತ್ತಿಕೊಂಡಾಗ ಮಾತ್ರ ಬದುಕುವ ವಸ್ತು. ವಿಡಿಯೋ ಆಟಗಳ ಇತಿಹಾಸವನ್ನು ಕಾಪಾಡಲು ಹೊರಟ ಅಮೆರಿಕದ ಸಂಸ್ಥೆಯೊಂದು 2023ರಲ್ಲಿ ಲೆಕ್ಕ ಹಾಕಿ ನೋಡಿತು. ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಅಂಗಡಿಯಲ್ಲಿ ಕೊಳ್ಳಲು ಸಿಗುತ್ತಿರಲಿಲ್ಲ. ಉಳಿದಿದ್ದರೆ ಅವು ಹಳೆಯ ಕ್ಯಾಸೆಟ್ಟುಗಳಲ್ಲಿ, ನಕಲುಗಳಲ್ಲಿ, ಅಟ್ಟಗಳ ಮೇಲೆ ಉಳಿದಿರಬೇಕು. ಮುಚ್ಚಿಟ್ಟದ್ದೆಲ್ಲ ಉಳಿದಂತಲ್ಲ, ಬಳಸಿದ್ದೆಲ್ಲ ಸವೆದಂತಲ್ಲ. ವಾಚಕರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳದಿ ಕ್ಯಾಸೆಟ್ಟೊಂದು ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಧೂಳು ಕೊಡವಿ, ಊದದೆ, ಹತ್ತಿಯಿಂದ ಒರೆಸಿ, ಮನೆಯ ಕಿರಿಯ ಮಗುವಿನ ಕೈಗೆ ಮೊದಲು ಕೊಡಿ.